ಮೇವಿನ ನಡುವೆ ಹಸಿದ ಮರಿಗಳು

ಅಣ್ಣ ಪ್ರಯೋಗಾಲಯದ ಬಾಗಿಲಲ್ಲಿ ಬಂದು ನಿಂತಾಗ ನನಗೆ ರೇಗಿತು. ಕೈಯಲ್ಲೊಂದು ಬಾಟಲಿ, ಅದರ ತಳದಲ್ಲಿ ಸತ್ತ ಮೀನುಮರಿಗಳು. ಸಮುದ್ರದಲ್ಲಿ ಬಲೆಗೂಡು ಕಟ್ಟಿ ಮರಿ ಸಾಕುವುದು ಅವನ ಕೆಲಸ. ಆ ಮರಿಗಳಿಗೆ ಮೇವಾಗುವ, ಬರಿಗಣ್ಣಿಗೆ ಕಾಣದ ಜೀವಿಗಳನ್ನು ಎಣಿಸುವುದು ನನ್ನದು.

"ಈ ಸಲಾನೂ ಇವುಗಳ ಹೊಟ್ಟೆ ಖಾಲಿ ಕಣೇ. ಆ ಬಣ್ಣದ ಕಾರ್ಖಾನೆ ನೀರು ಮೇವನ್ನೆಲ್ಲ ಸಾಯಿಸ್ತಿದೆ."

"ಸಾಯಿಸಿದ್ರೆ ನನ್ನ ಲೆಕ್ಕ ಇಳೀಬೇಕಲ್ಲ? ಬಾ, ನೀನೇ ನೋಡು."

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ಗಾಜಿನ ಮೇಲೆ ಕಾಲು, ಮೀಸೆಗಳ ಪುಟಾಣಿ ಜೀವಿಗಳು ಕಿಕ್ಕಿರಿದಿದ್ದವು.

"ಇಷ್ಟೊಂದಾ! ಮತ್ತೆ ನನ್ನ ಮರಿಗಳಿಗೆ ತಿನ್ನೋಕೇನು ದಾಡಿ?"

"ನೀನೇ ಏನೋ ಎಡವಟ್ಟು ಮಾಡಿರ್ತೀಯ."

ಅವನು ನಗಲಿಲ್ಲ. "ನಾಳೆ ಕೊನೇ ಮರಿಗಳನ್ನ ಬಿಡ್ಬೇಕು. ಇವೂ ಹೋದ್ರೆ ಗೂಡು ಬಿಚ್ಚಿ ಮನೇಲಿ ಕೂರೋದೇ. ಬಿಡ್ಲಾ, ಬೇಡ್ವಾ?"

"ಧೈರ್ಯವಾಗಿ ಬಿಡು," ಎಂದೆ.

ಹೇಳಿದ್ದೇನೋ ಹೇಳಿಬಿಟ್ಟೆ. ಆಮೇಲೆ ತಲೆ ಕಲಸಿದ ಹಿಟ್ಟಾಯಿತು. ಬಡಿಸಿದ ಎಲೆ ಮುಂದೆ ಕೂತು ಯಾರಾದರೂ ಹಸಿದು ಸಾಯುತ್ತಾರೆಯೇ? ಗಾಜುಗಳನ್ನು ಮತ್ತೆ ನೋಡಿದೆ. ಲೆಕ್ಕ ಸರಿಯಾಗಿಯೇ ಇತ್ತು. ನನಗೆ ಏನೊಂದೂ ಅರ್ಥವಾಗಲಿಲ್ಲ.

ಬೆಳಿಗ್ಗೆ ಅದೇ ಗೊಂದಲದಲ್ಲಿ ದೋಣಿಗಳು ನಿಲ್ಲುವ ಧಕ್ಕೆಗೆ ಹೋಗಿ ನೀರು ತುಂಬಿಸಿಕೊಂಡು ಬಂದೆ. ಮೇಜಿನ ಮೇಲೆ ಅಯೋಡಿನ್ ಶೀಶೆ ನೋಡಿ ಹಣೆ ಚಚ್ಚಿಕೊಂಡೆ. ನೀರು ತುಂಬಿದ ಕೂಡಲೇ ಅದನ್ನು ಹನಿಸಬೇಕು, ಇಲ್ಲವಾದರೆ ಜೀವಿಗಳು ಒಂದನ್ನೊಂದು ತಿಂದು ಲೆಕ್ಕ ಕೆಡುತ್ತದೆ. ಹನಿ ಬಿದ್ದರೆ ಎಲ್ಲವೂ ಸತ್ತು ಇದ್ದ ಹಾಗೇ ಉಳಿಯುತ್ತವೆ. ನಾವೆಲ್ಲ ಕಲಿತದ್ದೇ ಹಾಗೆ. ಇರಲಿ, ಧಕ್ಕೆ ಪಕ್ಕದಲ್ಲೇ ಇದೆ, ಅಷ್ಟರಲ್ಲಿ ಎಷ್ಟು ತಿಂದಾವು ಎಂದು ಒಂದು ತೊಟ್ಟನ್ನು ಗಾಜಿಗೆ ಹಾಕಿದೆ.

ಎಂದಿನಂತೆ ಕಿಕ್ಕಿರಿದಿದ್ದವು. ಒಂದೂ ಅಲುಗುತ್ತಿರಲಿಲ್ಲ.

ಗಾಜು ತಟ್ಟಿದೆ. ಬೇರೆ ತೊಟ್ಟು ಹಾಕಿದೆ. ಒಂದಾದರೂ ಕಾಲಾಡಿಸೀತೆಂದು ಕಾದೆ. ಆಮೇಲೆ ಹೊಳೆಯಿತು: ಇವು ಸಮುದ್ರದಲ್ಲೇ ಸತ್ತಿದ್ದವು. ಅಯೋಡಿನ್ ಬಿದ್ದ ಮೇಲೆ ಮೊದಲೇ ಸತ್ತದ್ದೂ ಹನಿಯಿಂದ ಸತ್ತದ್ದೂ ಒಂದೇ ಕಂದು ಬಣ್ಣ. ಮೀನುಮರಿಯಾದರೋ ಅಲುಗಾಡುವುದಕ್ಕಷ್ಟೇ ಬಾಯಿ ಹಾಕುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ.

ಓಡಿದೆ. ಅಣ್ಣ ದೋಣಿಯಲ್ಲಿ ಟಬ್ಬು ಇಟ್ಟುಕೊಂಡು ಹಗ್ಗ ಬಿಚ್ಚುತ್ತಿದ್ದ.

"ಅಣ್ಣಾ, ಬಿಡಬೇಡ!"

"ನಿನ್ನೆ ಮೇವಿದೆ ಅಂದ್ಯಲ್ಲೇ?"

"ಇದೆ. ಎಲ್ಲಾ ಸತ್ತಿದೆ. ನಾನು ಇಷ್ಟು ದಿನ ಹೆಣ ಎಣಿಸ್ತಿದ್ದೆ."

ಅವನು ತಿಳಿಯಾದ ನೀರನ್ನೂ ನನ್ನನ್ನೂ ಮಿಕಿಮಿಕಿ ನೋಡಿದ. ಬೈದಿದ್ದರೆ ಚೆನ್ನಾಗಿತ್ತು. ಟಬ್ಬಿನಲ್ಲಿ ಮರಿಗಳು ಗಿರಗಿರನೆ ಸುತ್ತುತ್ತಿದ್ದವು.

"ಟಬ್ಬಲ್ಲಿ ಸಂಜೆ ತನಕ ಬದುಕಿದ್ರೆ ಹೆಚ್ಚು," ಎಂದ. "ಎಲ್ಲಿ ಬಿಡ್ಲಿ, ಹೇಳು."