ಹೆಬ್ಬೆರಳಿನ ಸುತ್ತ ಬಿಳಿ ಬಳೆ

ಹವಾಮಾನ ಕಚೇರಿಯ ತಾರಸಿಯ ಮೇಲೆ ಬಿಸಿಲು ಅಳೆಯುವ ಯಂತ್ರವೊಂದಿದೆ. ಮೊಟ್ಟೆಯನ್ನು ಅರ್ಧ ಕೊಯ್ದು ಬೋರಲು ಹಾಕಿದಂಥ ಅದರ ಗಾಜನ್ನು ದಿನಾ ಬೆಳಿಗ್ಗೆ ಒರೆಸುವುದು ಇಪ್ಪತ್ತಾರು ವರ್ಷ ನನ್ನ ಕೆಲಸವಾಗಿತ್ತು. ನನ್ನ ಮೊಣಕಾಲು ಮೆಟ್ಟಿಲಿನ ಮೇಲೆ ಮುನಿಸಿಕೊಂಡ ಮೇಲೆ ಒರೆಸುವ ಬಟ್ಟೆ ಸೊಸೆಯ ಕೈಗೆ ಹೋಯಿತು. ಮೂರು ತಿಂಗಳು ನೋಡಿ ಕಾಯಂ ಮಾಡುತ್ತೇವೆ ಎಂದಿದ್ದರು.

ಇನ್ನು ಎಂಟು ದಿನ ಇರುವಾಗ ಅವಳು ಮುಖ ಊದಿಸಿಕೊಂಡು ಮನೆಗೆ ಬಂದಳು.

“ಅತ್ತೆ, ಒಂದು ವಾರದಿಂದ ಯಂತ್ರ ಬಿಸಿಲು ಕಡಿಮೆ ತೋರಿಸ್ತಿದೆಯಂತೆ. ನಾನು ಗಾಜು ಒರೆಸ್ತಿಲ್ಲ ಅಂತಾರೆ ಪಾಯಿಂಟ್ ಸಾಹೇಬ್ರು. ಬೇರೆಯವರನ್ನ ಇಟ್ಕೋತಾರಂತೆ!”

ಚಹಾಕ್ಕೆ ಒಂದೂವರೆ ಚಮಚ ಸಕ್ಕರೆ ಎನ್ನದೆ ‘ಒನ್ ಪಾಯಿಂಟ್ ಫೈವ್’ ಎನ್ನುವ ಅಧಿಕಾರಿಗೆ ನಾವಿಟ್ಟ ಹೆಸರು ಅದು.

“ಒರೆಸಿದ್ದೀಯಾ?”

“ಅದರಲ್ಲಿ ಮುಖ ನೋಡ್ಕೊಂಡು ತಲೆ ಬಾಚ್ಕೋಬಹುದು ಅತ್ತೆ!”

ಮರುದಿನ ಹಳೆಯ ಕ್ಯಾಲೆಂಡರುಗಳ ಕಟ್ಟು ಕಂಕುಳಲ್ಲಿ ಇಟ್ಟುಕೊಂಡು, ನಾಲ್ಕು ಕಡೆ ಕೂತು ಎದ್ದು ಸೊಸೆಯ ಜೊತೆ ತಾರಸಿ ಹತ್ತಿದೆ. ಸಾಹೇಬರು ಅಲ್ಲೇ ಇದ್ದರು.

“ಏನಜ್ಜಿ, ಸೊಸೆ ಪರ ವಕಾಲತ್ತಾ?”

“ಮೊದಲು ಉಸಿರು, ಆಮೇಲೆ ವಕಾಲತ್ತು. ನಿಮ್ಮ ಕರ್ಚೀಫಿನಲ್ಲೇ ಗಾಜು ಒರೆಸಿ ಸಾರ್.”

ಒರೆಸಿದರು. ಕರ್ಚೀಫು ಬೆಳ್ಳಗೇ ಉಳಿಯಿತು. ಯಂತ್ರದ ಅಂಕಿ ಅಲುಗಲಿಲ್ಲ.

“ಹಾಗಾದ್ರೆ ಯಂತ್ರ ಕೆಟ್ಟಿದೆ.”

“ಹೆಬ್ಬೆರಳಲ್ಲಿ ಸೂರ್ಯನ್ನ ಮುಚ್ಚಿ. ಬೆರಳಿನ ಸುತ್ತ ಏನು ಕಾಣುತ್ತೆ?”

“ಬೆಳ್ಳಗೆ... ಬಳೆ ಥರ.”

ಗಾಳಿ ಶುದ್ಧವಾಗಿದ್ದರೆ ಉಗುರಿನ ಅಂಚಿನವರೆಗೂ ಆಕಾಶ ನೀಲಿ ಇರುತ್ತದೆ. ಕಣ್ಣಿಗೆ ಕಾಣದ ಧೂಳು, ಹೊಗೆ ತುಂಬಿದ್ದರೆ ಬಿಳಿ ಬಳೆ ಕಾಣುತ್ತದೆ. ನನಗೆ ಅಕ್ಷರ ಅಷ್ಟಕ್ಕಷ್ಟೇ. ಗಾಜು ಒರೆಸಿದ ಮೇಲೆ ಬೆರಳು ಎತ್ತಿ ನೋಡಿ, ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ನೀಲಿ ಕಂಡರೆ ಚುಕ್ಕೆ, ಬಿಳಿ ಕಂಡರೆ ಬಳೆ ಬರೆದಿಡುತ್ತಿದ್ದೆ. ದೂರದ ಕಾಡಿಗೆ ಬೆಂಕಿ ಬಿದ್ದ ವರ್ಷ ಸಾಲಾಗಿ ಹನ್ನೊಂದು ಬಳೆಗಳಿದ್ದವು. ಇದನ್ನೆಲ್ಲ ಹೇಳಿ ಆ ಹಾಳೆ ಬಿಡಿಸಿ ತೋರಿಸಿದೆ.

ಸಾಹೇಬರು ಕೆಳಗೋಡಿ ಆ ವರ್ಷದ ರಿಜಿಸ್ಟರು ತಂದರು. ಅದೇ ಹನ್ನೊಂದು ದಿನ ಬಿಸಿಲಿನ ಅಂಕಿ ಕುಸಿದಿತ್ತು. ಎಲ್ಲಿಗೋ ಫೋನು ಮಾಡಿ ಬಂದವರ ದನಿ ಮೆತ್ತಗಾಗಿತ್ತು.

“ಗುಡ್ಡದಾಚೆ ಮತ್ತೆ ಕಾಡು ಉರೀತಿದೆಯಂತೆ ಅಜ್ಜಿ. ಗಾಳೀಲಿರೋ ಬಿಳಿ ಕಣ ಬಿಸಿಲನ್ನ ವಾಪಸ್ ಕಳಿಸಿ ನೆಲಾನ ತಂಪು ಮಾಡುತ್ತೆ. ಕರಿ ಮಸಿ ಅದನ್ನ ನುಂಗಿ ಗಾಳೀನ ಕಾಯಿಸುತ್ತೆ. ಮೋಡದ ಹನಿ ಕಟ್ಟೋಕೂ ಈ ಕಣಗಳೇ ಬೀಜ.”

“ಇಷ್ಟು ಸಣ್ಣದಕ್ಕೆ ಅಷ್ಟೊಂದು ಕಾರುಬಾರಾ?” ಎಂದೆ.

“ನಮ್ಮತ್ತೆಯೂ ಸಣ್ಣವರೇ ಸಾರ್,” ಎಂದಳು ಸೊಸೆ. “ಇಡೀ ಮನೆಯ ಹವಾಮಾನ ಅವರ ಕೈಲೇ ಇದೆ.”

ಸಾಹೇಬರು ನಕ್ಕುಬಿಟ್ಟರು. “ಈ ಕ್ಯಾಲೆಂಡರ್ ಎಲ್ಲ ನನಗೆ ಬೇಕಲ್ಲ ಅಜ್ಜಿ.”

ನಾನು ಕಟ್ಟಿನ ಮೇಲಿನ ಕೈ ತೆಗೆಯಲಿಲ್ಲ. “ಮೊದಲು ಇವಳ ಕಾಯಂ ಕಾಗದ ಸಾರ್.”

ಸಾಹೇಬರು ಕಾಗದ ತರಿಸಿ, ತಾರಸಿಯ ಮೋಟುಗೋಡೆಯ ಮೇಲಿಟ್ಟೇ ಸಹಿ ಹಾಕಿದರು. ಸೊಸೆ ಕಾಗದ ಮಡಚಿ ಇಟ್ಟುಕೊಂಡು, ಸೂರ್ಯನಿಗೆ ಹೆಬ್ಬೆರಳು ಹಿಡಿದು ನೋಡಿ, ಹೊಸ ಕ್ಯಾಲೆಂಡರಿನಲ್ಲಿ ದೊಡ್ಡದೊಂದು ಬಳೆ ಬರೆದಳು. ಆಮೇಲೆ ನನ್ನ ತೋಳು ಹಿಡಿದಳು.

“ಇಳಿಯೋಕೆ ಎಷ್ಟು ಹೊತ್ತು ಬೇಕತ್ತೆ?”

“ಒನ್ ಪಾಯಿಂಟ್ ಫೈವ್ ಗಂಟೆ,” ಎಂದೆ, ಸಾಹೇಬರಿಗೆ ಕೇಳದಂತೆ.