ಯಾರಾದರೂ ಒಬ್ಬರ ಹೆಸರು

"ಯಾರಾದ್ರೂ ಒಬ್ರು ಸಾಕು, ಸರ್," ಎಂದು ಫೋನಿನಲ್ಲಿ ಆಕೆ ಮತ್ತೆ ಹೇಳಿದಳು. "ನಿಮಗೆ ನಂಬಿಕೆ ಇರೋರು."

ಎಫ್ರೇಮ್ ಮಾವುಂಗ ಇಲಾಖೆಯ ಕಾರಿನ ಗಾಜು ಏರಿಸಿದ. ಅಣೆಕಟ್ಟಿನ ಏರಿಯ ಮೇಲೆ ಅವನನ್ನು ಬಿಟ್ಟರೆ ಎರಡು ಬಬೂನ್ ಕೋತಿಗಳು ಕೂತಿದ್ದವು, ಅಷ್ಟೆ. ಆದರೂ ತಾನು ಗುಟ್ಟಾಗಿ ದುಡ್ಡಿಟ್ಟಿದ್ದ ದೂರದ ದ್ವೀಪದ ಬ್ಯಾಂಕಿನ ಜೊತೆ ಮಾತಾಡುವಾಗ ಗಾಜು ಏರಿಸುವುದು ಅವನಿಗೆ ಅಭ್ಯಾಸವಾಗಿಹೋಗಿತ್ತು. ಅವನ ಫೋನಿನಲ್ಲಿ ಆ ಬ್ಯಾಂಕಿನ ಹೆಸರು 'ಟೈರ್ ಅಂಗಡಿ'.

"ಅವರಿಗೆ ದುಡ್ಡು ಮುಟ್ಟೋ ಅಧಿಕಾರ ಇರುತ್ತಾ?"

"ಇಲ್ಲ ಸರ್. ಎಷ್ಟಿದೆ ಅಂತಾನೂ ಹೇಳಲ್ಲ. ಖಾತೆ ಬಹಳ ದಿನ ಸುಮ್ನಿದ್ರೆ, ನೀವು ಫೋನಿಗೆ ಸಿಗದಿದ್ರೆ, ಅವರನ್ನ ಕೇಳ್ತೀವಿ. ನೀವು ಇದೀರಾ ಅಂತ."

"ಇದೀನಾ ಅಂತ."

"ಹೌದು ಸರ್. ಬದುಕಿದೀರಾ ಅಂತ." ಆಕೆಯ ದನಿಯಲ್ಲಿ ಬೇಸರವಿರಲಿಲ್ಲ, ಅಕ್ಕರೆಯೂ ಇರಲಿಲ್ಲ. "ಪರದೇಶದಲ್ಲಿರೋ ಗ್ರಾಹಕರಿಗೆಲ್ಲ ಈಗ ಇದು ನಿಯಮ. ಮೂರು ಸಲ ತಿಳಿಸಿದೀವಿ. ಇವತ್ತೇ ಕಡೆ ದಿನ. ನಿಮ್ಮ ಕಡೆ ಸಂಜೆ ಆರರೊಳಗೆ ಹೆಸರು ಬರದಿದ್ರೆ ಖಾತೆ ತಾನಾಗೇ ಮುಚ್ಕೊಳುತ್ತೆ. ಸೋಮವಾರ ಬರೋ ಹಣ ವಾಪಸ್ ಹೋಗುತ್ತೆ. ಒಳಗಿರೋದನ್ನ ಬಿಡಿಸಬೇಕಾದ್ರೆ ನೀವೇ ಇಲ್ಲಿಗೆ ಬರ್ಬೇಕು, ದಾಖಲೆ ಎಲ್ಲ ಹೊಸದಾಗಿ."

ಸೋಮವಾರ ಬರುವುದು ಗುತ್ತಿಗೆ ಮುಗಿದದ್ದಕ್ಕೆ ಇಲಾಖೆ ಕೊಡುವ ಇಡಿಗಂಟು. ಗಾಬೊರೋನ್ ನಗರಕ್ಕೆ ನೀರು ಕೊಡುವ ಈ ಅಣೆಕಟ್ಟಿನಲ್ಲಿ ಹನ್ನೊಂದು ವರ್ಷ ಎಂಜಿನಿಯರಾಗಿದ್ದವನಿಗೆ ಇವತ್ತು ಕೊನೆಯ ದಿನ. ಇನ್ನು ಮುಂದೆ ಆ ಕುರ್ಚಿ ಈ ದೇಶದವರದೇ.

"ಯೋಚನೆ ಮಾಡಿ ಹೇಳ್ತೀನಿ," ಎಂದ.

ಯೋಚನೆ ಮಾಡಬೇಕಾದ ಪ್ರಶ್ನೆಯೇ ಇದು? ಯಾರನ್ನಾದರೂ ನಿಲ್ಲಿಸಿ ಕೇಳಿದರೆ ಹತ್ತು ಹೆಸರು ಉದುರಿಸಿಯಾರು. ಮಾವುಂಗ ಏರಿಯ ಕೆಳಗೆ ನೋಡಿದ. ನೀರು ದಡ ಬಿಟ್ಟು ಬಹಳ ಹಿಂದೆ ಸರಿದು, ಕೆಸರು ಒಣಗಿ ಬಿರಿದಿತ್ತು. ಯಾರೂ ಕುಡಿಯದೆ, ಯಾರೂ ಕದಿಯದೆ ಎಷ್ಟು ನೀರು ಬಿಸಿಲಿಗೆ ಹೋಗುತ್ತದೆ ಎಂದು ದಿನಾ ಅಳೆಯುವುದು ಅವನ ಕೆಲಸವಾಗಿತ್ತು.

ಅವನು ಹುಟ್ಟಾ ಜಿಪುಣನಲ್ಲ. ತನ್ನ ದೇಶದ ರಾಜಧಾನಿ ಹರಾರೆಯಲ್ಲಿದ್ದಾಗ ಗೆಳೆಯರಿಗೆ ಬಿಯರ್ ಕುಡಿಸುತ್ತಿದ್ದ, ಹೆಂಡತಿಗೆ ಹೇಳಿಯೇ ಉಳಿಸುತ್ತಿದ್ದ. ಆಮೇಲೆ ನೋಟಿನ ಮೇಲೆ ಸೊನ್ನೆಗಳು ಏರತೊಡಗಿ, ಅಷ್ಟು ವರ್ಷದ ಉಳಿತಾಯ ಒಂದು ಬ್ರೆಡ್ಡಿನ ಬೆಲೆಗೆ ಇಳಿಯಿತು. ಡಾಲರಿನಲ್ಲಿ ಇಟ್ಟಿದ್ದು ಬೇರೆ ಇತ್ತಲ್ಲ ಎಂದು ಬ್ಯಾಂಕಿಗೆ ಹೋದರೆ, ಗಾಜಿನಾಚೆಯ ಹುಡುಗಿ ನಗುತ್ತಲೇ "ಸದ್ಯಕ್ಕಿಲ್ಲ ಅಂಕಲ್" ಎಂದಿದ್ದಳು. ಆ ದಿನ ಅವನು ಒಂದು ತೀರ್ಮಾನಕ್ಕೆ ಬಂದ. ದುಡ್ಡು ಹೋಗುವುದು ಕಳ್ಳರಿಂದಲ್ಲ, ಅದು ಇದೆ ಎಂದು ಗೊತ್ತಿರುವವರಿಂದ. ಗೊತ್ತಿರುವವರೇ ಇಲ್ಲದಿದ್ದರೆ ದುಡ್ಡಿಗೆ ಭಯವೂ ಇಲ್ಲ.

ಹೀಗೆ ಗೊತ್ತಿರುವವರೇ ಇಲ್ಲದಂತೆ ನೋಡಿಕೊಂಡ. ಈಗ ಬ್ಯಾಂಕೇ ಒಬ್ಬರನ್ನು ಕೇಳುತ್ತಿತ್ತು.

ಕಚೇರಿಯಲ್ಲಿ ಮೊತೂಸಿ ಆಗಲೇ ಅವನ ಮೇಜಿನ ಒಂದು ಖಾನೆಯಲ್ಲಿ ತನ್ನ ಚಾ ಲೋಟ ಇಟ್ಟಿದ್ದ. ಸೋಮವಾರದಿಂದ ಕುರ್ಚಿಗೆ ಬರುವವನು ಅವನೇ. ಕೆಲಸ ಕಲಿಸಿದವನು ಮಾವುಂಗ. ಒಳ್ಳೆಯ ಹುಡುಗ, ಅದೇ ತೊಂದರೆ. ದ್ವೇಷಿಸುವುದಕ್ಕೂ ಅವನಲ್ಲಿ ಏನೂ ಸಿಗುತ್ತಿರಲಿಲ್ಲ.

"ಊರಿಗೆ ಹೋಗ್ತೀರಲ್ಲ ಸರ್. ಖುಷಿ ಇರ್ಬೇಕು."

"ಹೂಂ."

"ಮನೇಲಿ ಕಾಯ್ತಿರ್ತಾರೆ."

"ಕಾಯ್ತಿರ್ತಾರೆ."

ಸಿಬ್ಬಂದಿಯೆಲ್ಲ ಸೇರಿ ಕೊಟ್ಟ ಉಣ್ಣೆ ಕಂಬಳಿ ಪ್ಲಾಸ್ಟಿಕ್ಕಿನಲ್ಲಿ ಹೊಳೆಯುತ್ತಿತ್ತು. ಅಕ್ಟೋಬರಿನ ಬಿಸಿಲಿಗೆ ಅದನ್ನು ನೋಡಿದರೇ ಬೆವರುತ್ತಿತ್ತು.

"ಮೊತೂಸಿ, ನಿನ್ನ ಫೋನ್ ನಂಬರ್ ಬದಲಾಗಲ್ಲ ತಾನೆ?"

"ಯಾಕೆ ಸರ್? ಸೋಮವಾರದಿಂದ ನಿಮ್ಮ ಆಫೀಸ್ ನಂಬರೇ ನಂಗೆ. ಅದಕ್ಕೇ ಮಾಡಿ, ನಾನೇ ಎತ್ತೋದು." ಹುಡುಗ ನಕ್ಕ. "ನಿಮ್ಮ ನಂಬರ್ ನಿಮಗೆ ಮರೆಯಲ್ಲವಲ್ಲ."

ಮಾವುಂಗನೂ ನಕ್ಕ. ತನ್ನದೇ ನಂಬರನ್ನು ಇನ್ನೊಬ್ಬರದೆಂದು ಬ್ಯಾಂಕಿಗೆ ಕೊಡುವುದು ಹೇಗೆ? ಕಂಬಳಿ ಎತ್ತಿಕೊಂಡು ಹೊರಟ.

ಬಸ್ ನಿಲ್ದಾಣದ ಹಿಂದಿನ ಮುಳ್ಳುಮರದ ಕೆಳಗೆ ಅಲೊಯಿಸ್ ಒಂದು ವ್ಯಾನಿನ ಹೊಟ್ಟೆಯೊಳಗೆ ತಲೆ ಹಾಕಿಕೊಂಡಿದ್ದ. ಚಿಕ್ಕಪ್ಪನ ಮಗ. ರೇಡಿಯೇಟರ್ ರಿಪೇರಿ ಮಾಡುತ್ತಾನೆ. ಈ ದೇಶದಲ್ಲಿರಲು ಪರವಾನಗಿ ಇಲ್ಲ, ಆದರೂ ಆರು ವರ್ಷದಿಂದ ಇದ್ದಾನೆ.

"ಏನಣ್ಣ, ದೊಡ್ಡೋರು ಈ ಕಡೆ. ಕಾರ್ ಕೆಡ್ತಾ, ಮನಸ್ಸು ಕೆಡ್ತಾ?"

"ಸುಮ್ನೆ ಬಂದೆ."

"ಸುಮ್ನೆ ಬರೋ ಮುಖ ಅಲ್ಲ ಇದು. ಕೂತ್ಕೊ. ಬಿಸಿ ಇದೆ, ತಿನ್ನು."

ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆಯನ್ನು ಕಾಗದದ ಸಮೇತ ಅವನ ಕೈಗಿಟ್ಟ. ಅಲೊಯಿಸ್‌ನ ಬೆರಳಿನ ಕಪ್ಪು ಕಾಗದಕ್ಕೂ ಹತ್ತಿತ್ತು. ಮಾವುಂಗ ತಿಂದ. ಬೆಳಗಿನಿಂದ ಏನೂ ತಿಂದಿರಲಿಲ್ಲವೆಂಬುದು ಆಗ ನೆನಪಾಯಿತು.

"ನಿನ್ನ ಹೆಸರು ಒಂದು ಕಡೆ ಕೊಡಬೇಕಿತ್ತು," ಎಂದ.

ತನಗೂ ಒಂದು ಉಂಡೆ ಎತ್ತಿಕೊಂಡಿದ್ದ ಅಲೊಯಿಸ್ ಅದನ್ನು ಕೆಳಗಿಟ್ಟ. "ಯಾವ ಕಡೆ?"

"ಒಂದು ಕಚೇರಿ. ಯಾವಾಗಾದ್ರೂ ನಾನು ಇದೀನಾ ಅಂತ ಕೇಳ್ತಾರೆ. ಅಷ್ಟೆ."

"ಪೊಲೀಸ್ನೋರಾ?"

"ಅಲ್ಲ."

"ಯಾರೇ ಆಗ್ಲಿ ಬೇಡಣ್ಣ." ಅವನು ತಮಾಷೆ ಬಿಟ್ಟು ದನಿ ತಗ್ಗಿಸಿದ. "ರಾತ್ರಿ ಯಾವ ಬೀದೀಲಿ ಮಲಗ್ತೀನಿ ಅಂತ ಹೆಂಡ್ತೀಗೂ ಹೇಳಿಲ್ಲ ನಾನು. ಈ ಊರಲ್ಲಿ ನನ್ನ ಹೆಸರು ಯಾವ ಕಡೇನೂ ಇಲ್ಲ. ಅದಕ್ಕೇ ನಾನು ಇಲ್ಲಿದೀನಿ. ಬೇರೆ ಏನ್ ಬೇಕಾದ್ರೂ ಕೇಳು. ಕಿಡ್ನಿ ಕೇಳು, ಒಂದು ಕೊಡ್ತೀನಿ."

"ಕಿಡ್ನಿ ಬೇಡ."

"ಅಲ್ಲ, ನಿನ್ನತ್ರ ಇರೋದಾದ್ರೂ ಏನು, ಯಾರಾದ್ರೂ ಬಂದು ವಿಚಾರಿಸೋಕೆ?" ಅಲೊಯಿಸ್ ಅವನ ಬೂಟು ನೋಡಿದ. ಎಡಗಾಲಿನ ಹೊಲಿಗೆ ಬಿಟ್ಟಿತ್ತು. ಬೇಕೆಂದೇ ಹೊಲಿಸದೆ ಬಿಟ್ಟದ್ದು ಅದು. ಹೊಸ ಬೂಟು ಹಾಕಿಕೊಂಡು ಈ ನಿಲ್ದಾಣಕ್ಕೆ ಬಂದರೆ ವಾರದೊಳಗೆ ತನ್ನೂರು ಮಸ್ವಿಂಗೊದ ಬಂಧುಬಳಗಕ್ಕೆಲ್ಲ ಸುದ್ದಿ ಮುಟ್ಟುತ್ತಿತ್ತು.

ಹೊರಡುವಾಗ ಅಲೊಯಿಸ್ ಸುತ್ತಮುತ್ತ ನೋಡಿ, ಮಡಚಿದ ನೋಟುಗಳನ್ನು ಅವನ ಜೇಬಿಗೆ ತುರುಕಿದ.

"ಏನೋ ಇದು?"

"ಇಟ್ಕೊ. ಬಸ್ಸಿಗೆ, ದಾರಿ ಖರ್ಚಿಗೆ. ಕೆಲಸ ಹೋಯ್ತಲ್ಲ, ಪಾಪ. ಅತ್ತಿಗೆ ಕೈಗೆ ಬರೀ ಕಂಬಳಿ ಕೊಡ್ತೀಯಾ?"

ಬೇಡವೆಂದರೆ ಯಾಕೆ ಬೇಡವೆಂದು ಹೇಳಬೇಕಾಗುತ್ತಿತ್ತು. ಮಾವುಂಗ ಇಟ್ಟುಕೊಂಡ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಕಾರಿಗೆ ಬಂದು ಕೂತಮೇಲೆ, ಇಷ್ಟು ವರ್ಷದ ಸುಳ್ಳು ಎಷ್ಟು ಗಟ್ಟಿಯಾಗಿದೆ ನೋಡು ಎಂದು ಒಳಗೆ ಒಂದು ಸಮಾಧಾನವೂ ಮೂಡಿತು. ಆ ಸಮಾಧಾನಕ್ಕೆ ಅವನಿಗೆ ಇನ್ನಷ್ಟು ನಾಚಿಕೆಯಾಯಿತು.

ಮನೆಯಲ್ಲಿ ಸಾಮಾನು ಅರ್ಧ ಕಟ್ಟಿಯಾಗಿತ್ತು. ಗೋಡೆಯ ಮೇಲೆ ಕ್ಯಾಲೆಂಡರ್ ಇದ್ದ ಜಾಗ ಮಾತ್ರ ಬೆಳ್ಳಗಿತ್ತು. ಊರಿನವರಿಗೆಂದೇ ಇಟ್ಟಿದ್ದ ಹಳೆಯ ಫೋನನ್ನು ಚಾರ್ಜಿಗೆ ಹಾಕಿ, ಹೆಂಡತಿಗೆ ಮಾಡಿದ. ಸಿಪೀವೆ ಮಸ್ವಿಂಗೊದಲ್ಲಿ ಕೋಳಿ ಸಾಕುತ್ತಾಳೆ. ಅವಳ ಹಲೋಗಿಂತ ಮೊದಲು ಕೋಳಿಗಳ ಸದ್ದೇ ಬಂತು.

"ಏನ್ರೀ, ಶುಕ್ರವಾರ ಫೋನು? ನಿಮ್ದು ಭಾನುವಾರ ಅಲ್ವಾ?"

"ಸುಮ್ನೆ ಮಾಡ್ದೆ."

"ಸುಮ್ನೆ ಮಾಡೋರಲ್ಲ ನೀವು. ಹುಷಾರಾಗಿದೀರಾ?"

"ಇದೀನಿ."

"ಬರೋದು ಯಾವಾಗ?"

"ನೋಡ್ಬೇಕು."

"ನೋಡಿ."

ಮಾವುಂಗ ಚಾರ್ಜಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡ.

"ಸಿಪೀವೆ, ಒಂದು ವಿಷಯ ಹೇಳ್ಬೇಕು ನಿಂಗೆ. ದುಡ್ಡಿನ ವಿಷಯ."

"ಸಾಲ ಮಾಡಿದೀರಾ?"

"ಸಾಲ ಅಲ್ಲ."

"ಸಾಲ ಅಲ್ದಿದ್ರೆ ಬೇಡ."

"ಮೊದ್ಲು ಕೇಳು..."

"ಬೇಡ ಅಂದ್ನಲ್ಲ." ಅವಳ ದನಿ ಏರಲಿಲ್ಲ. ಗೂಡಿನ ಬಾಗಿಲು ಹಾಕಿದ ಸದ್ದಾಯಿತು, ಕೋಳಿಗಳು ದೂರವಾದವು. "ಅಪ್ಪನ್ನ ಹರಾರೆ ಆಸ್ಪತ್ರೆಗೆ ಸೇರಿಸ್ಬೇಕಾದಾಗ ಇಲ್ಲ ಅಂದ್ರಿ. ನಂಬಿದೆ. ಅಮ್ಮ ಕೇಳಿದ್ಲು, ಅಷ್ಟು ಓದಿದೋನು, ಪರದೇಶದಲ್ಲಿರೋನು, ನಿಜವಾಗ್ಲೂ ಇಲ್ವೇನೇ ಅಂತ. ನಿಮ್ಮ ಪರವಾಗಿ ಅವಳ ಜೊತೆ ಜಗಳ ಆಡಿದೆ ನಾನು. ಸಾಯೋವರೆಗೂ ಅಮ್ಮ ನನ್ನ ಹತ್ರ ಸರಿಯಾಗಿ ಮಾತಾಡ್ಲಿಲ್ಲ. ನಂಬಿದ್ದಕ್ಕೇ ಇವತ್ತಿಗೂ ನಿಮ್ಮ ಫೋನ್ ಎತ್ತೋಕೆ ಆಗ್ತಿದೆ ನಂಗೆ. ಈಗ ಇದೆ ಅನ್ನೋಕೆ ಬರ್ಬೇಡಿ."

"ಇದೆ ಅಂತ ನಾನೆಲ್ಲಿ ಅಂದೆ?"

"ಅನ್ನಲಿಲ್ಲ ಅಲ್ವಾ. ಹಾಗೇ ಇರ್ಲಿ."

"ಒಂದು ಹೆಸರು ಬೇಕಿತ್ತು. ನನಗೇನಾದ್ರೂ ಆದ್ರೆ..."

"ನಿಮಗೇನಾದ್ರೂ ಆದ್ರೆ ಅಲೊಯಿಸ್ ಫೋನ್ ಮಾಡ್ತಾನೆ. ನಾನು ಬಂದು ಕರ್ಕೊಂಡು ಬರ್ತೀನಿ. ಅದಕ್ಕೆ ಕೋಳಿ ಮಾರಿದ್ರೆ ಸಾಕು." ಅವಳು ಉಸಿರು ಬಿಟ್ಟಳು. "ನಂಗೆ ಸುಸ್ತಾಗಿದೆ ಕಣ್ರೀ. ಸಿಟ್ಟು ಮಾಡ್ಕೊಳೋಕೂ ಶಕ್ತಿ ಇಲ್ಲ. ಇಡ್ತೀನಿ, ನೀರು ಇಡ್ಬೇಕು ಅವಕ್ಕೆ."

ಅವನು ಕಟ್ಟಿದ ಪೆಟ್ಟಿಗೆಯ ಮೇಲೆ ಕೂತ. ಅವಳಿಗೆ ಗೊತ್ತಿತ್ತು. ಎಷ್ಟು ದಿನದಿಂದಲೋ, ಗೊತ್ತಿಲ್ಲದಂತೆ ಇರುವುದಕ್ಕೆ ಅವಳು ದುಡಿಯುತ್ತಿದ್ದಳು, ಕೋಳಿ ಸಾಕುವುದಕ್ಕಿಂತ ಹೆಚ್ಚಾಗಿ. ಕೇಳದೆಯೇ ಅವಳ ಹೆಸರು ಕೊಟ್ಟುಬಿಡಬಹುದಿತ್ತು. ಆದರೆ ಬ್ಯಾಂಕಿನವರು ಅವಳಿಗೆ ಫೋನ್ ಮಾಡಿ ಒಪ್ಪಿಗೆ ಕೇಳುತ್ತಾರೆ. ಆಗ ಗೊತ್ತಿದೆ ಎಂದು ಅವಳು ಒಪ್ಪಿಕೊಳ್ಳಲೇಬೇಕಾಗುತ್ತದೆ. ಅಷ್ಟು ಮಾಡುವ ಧೈರ್ಯ ಅವನಿಗಿರಲಿಲ್ಲ.

ಹೊರಗೆ ಬಿಸಿಲು ಹಳದಿಯಾಗಿತ್ತು. ಪಕ್ಕದ ಮನೆಯಲ್ಲಿ ಯಾರೋ ಮುದ್ದೆಗೆ ಹಿಟ್ಟು ಕದಡುತ್ತಿದ್ದರು. ಆರಕ್ಕೆ ಇನ್ನು ಸ್ವಲ್ಪವೇ ಹೊತ್ತಿತ್ತು. ಅವನು ತನ್ನ ಇನ್ನೊಂದು ಫೋನಿನಿಂದ 'ಟೈರ್ ಅಂಗಡಿ'ಗೆ ಮಾಡಿದ.

"ಹೆಸರು ಸಿಕ್ತಾ ಸರ್?"

"ಎಲಿಯಾಸ್. ಎಲಿಯಾಸ್ ಮಾವುಂಗ."

"ಸಂಬಂಧ?"

"ತಮ್ಮ."

ಅವನಿಗೆ ತಮ್ಮನಿರಲಿಲ್ಲ. ನಂಬರ್ ಕೇಳಿದಾಗ, ಹೆಂಡತಿಯ ಜೊತೆ ಮಾತಾಡಿ ಇನ್ನೂ ಬೆಚ್ಚಗಿದ್ದ ಹಳೆಯ ಫೋನಿನ ನಂಬರ್ ಹೇಳಿದ. ಈಗಲೇ ನಮ್ಮವರು ಅವರಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳುತ್ತಾರೆ, ದಯವಿಟ್ಟು ಅವರಿಗೆ ತಿಳಿಸಿರಿ ಎಂದಳು ಆಕೆ. ತಿಳಿಸುತ್ತೇನೆ ಎಂದ ಮಾವುಂಗ.

ಕಾಯುತ್ತ ಕೂತಾಗ ಎಲಿಯಾಸ್ ತಾನಾಗಿಯೇ ಬೆಳೆಯತೊಡಗಿದ. ನಗುಮುಖದವನು. ಊರು ಬಿಟ್ಟು ಹೋಗದವನು. ಯಾರನ್ನೂ ಕೇಳದೆ ಸಿಪೀವೆಯ ಅಪ್ಪನನ್ನು ಹರಾರೆ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದವನು. ಇಂಥ ಒಬ್ಬ ಇದ್ದಿದ್ದರೆ ತಾನೂ ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದೆ ಎಂದು ಮಾವುಂಗನಿಗೆ ಎನಿಸಿತು.

ಹಳೆಯ ಫೋನ್ ರಿಂಗಾಯಿತು. ಈ ಸಲ ಗಂಡಸಿನ ದನಿ.

"ಎಲಿಯಾಸ್ ಮಾವುಂಗ ಅವರಾ?"

"ಹೌದು." ದನಿಯನ್ನು ಸ್ವಲ್ಪ ದಪ್ಪಗೆ ಮಾಡಿಕೊಂಡ.

"ಎಫ್ರೇಮ್ ಮಾವುಂಗ ಅವರು ನಿಮಗೆ ಗೊತ್ತಾ?"

"ಗೊತ್ತು."

"ಎಷ್ಟು ದಿನದಿಂದ?"

"ಚಿಕ್ಕಂದಿನಿಂದ."

"ಕಡೇ ಸಲ ನೋಡಿದ್ದು ಯಾವಾಗ?"

ಇದಕ್ಕೆ ಅವನು ತಯಾರಾಗಿರಲಿಲ್ಲ. "ಬಹಳ ದಿನ ಆಯ್ತು," ಎಂಬ ಮಾತು ಬಾಯಿಂದ ಜಾರಿತು. ಅದು ನಿಜವೇ ಇರಬೇಕು ಎನಿಸಿತು.

"ಅವರಿಗೇನಾದ್ರೂ ಆದ್ರೆ ನಿಮಗೆ ಗೊತ್ತಾಗುತ್ತಾ?"

"ಮೊದ್ಲು ನಂಗೇ ಗೊತ್ತಾಗೋದು."

"ಒಳ್ಳೇದು. ಕಡೇದಾಗಿ ಒಂದು ಸಣ್ಣ ಕೆಲಸ ಸರ್, ಇದೂ ನಿಯಮ. ಅವರನ್ನೂ ಇದೇ ಲೈನಿಗೆ ತಗೋತೀನಿ. ಇಬ್ರೂ ಒಂದೆರಡು ಮಾತಾಡಿಬಿಡಿ. ನೀವೂ ಅವರೂ ಪರಿಚಯದೋರು ಅಂತ ನಮ್ಮಲ್ಲಿ ದಾಖಲಾದ್ರೆ ಮುಗೀತು."

ಬೇಡ ಎನ್ನುವಷ್ಟರಲ್ಲಿ ಪೆಟ್ಟಿಗೆಯ ಮೇಲಿದ್ದ ಇನ್ನೊಂದು ಫೋನ್ ಅದುರತೊಡಗಿತು. ಅವನು ಅದನ್ನು ಎತ್ತಿ ಬಲಗಿವಿಗೆ ಹಿಡಿದ. ಎಡಗಿವಿಯದನ್ನು ಬಿಡಲಿಲ್ಲ.

"ಇಬ್ರೂ ಇದೀರಾ?" ಎಂದ ಬ್ಯಾಂಕಿನವನು ಎರಡು ಕಿವಿಯಲ್ಲೂ. "ಮಾತಾಡಿ ಸರ್."

"ಹಲೋ," ಎಂದ ಮಾವುಂಗ.

ಆ ಹಲೋ ಸಮುದ್ರ ದಾಟಿ ಹೋಗಿ, ಸ್ವಲ್ಪ ತಡವಾಗಿ ಇನ್ನೊಂದು ಕಿವಿಗೆ ಬಂತು. ಏನೋ ಕೇಳಲು ಬಂದು ಕೇಳಲಾರದೆ ಬಾಗಿಲಲ್ಲಿ ನಿಂತ ಮುದುಕನ ದನಿಯಂತಿತ್ತು. ಯಾರೋ ಗುರುತಿಲ್ಲದವನು. ಮಾವುಂಗ ಅವನು ಮುಂದೇನು ಹೇಳುತ್ತಾನೋ ಎಂದು ಕಾದ. ಬರೀ ಉಸಿರು ಕೇಳುತ್ತಿತ್ತು, ಒಂದು ಕಿವಿಯಲ್ಲಿ ಮೊದಲು, ಆಮೇಲೆ ಇನ್ನೊಂದರಲ್ಲಿ.

"ಮಾತಾಡಿ ಸರ್," ಎಂದ ಬ್ಯಾಂಕಿನವನು. "ಯಾರಾದ್ರೂ ಒಬ್ರು ಶುರು ಮಾಡಿ."

ಇಬ್ಬರೂ ಸುಮ್ಮನಿದ್ದರು.