ಮಹಡಿಯಿಂದ ಜಗಲಿಗೆ

೧
ಎಲ್ಲಿಂದ ಶುರು ಮಾಡಲಿ? ಆಕಾಶದಿಂದ ಅಂದರೆ ವಿಮಾನ ಇಳಿಸಲು ಜಾಗ ಬೇಕು. ಕಡೂರು ಸೀಮೆಯಲ್ಲಿ ರನ್‌ವೇ ಎಲ್ಲಿದೆ ಎಂದು ನೀವು ಕೇಳುತ್ತೀರಿ. ಇಲ್ಲ, ಗೊತ್ತು. ಅಜ್ಜಂಪುರದ ಕಡೆಯ ಬಯಲಲ್ಲಿ ಈ ಕಥೆಗೆಂದೇ ಒಂದನ್ನು ಹಾಕಿಸಿದ್ದೇನೆ. (ಯಾರ ಜಮೀನೂ ಹೋಗಿಲ್ಲ. ಒಂದು ಪ್ಯಾರಾ ಹೋಯಿತು, ಅಷ್ಟೇ.)

೨
ಕ್ಯಾಪ್ಟನ್ ಶರ್ವಾಣಿ ಅಜ್ಜಂಪುರದವಳು. ಹದಿನಾರು ವರ್ಷ ದೊಡ್ಡ ಜೆಟ್ ಹಾರಿಸಿದ್ದಾಳೆ. ಒಮ್ಮೆ ಹದಿನಾಲ್ಕನೇ ಸಾಲಿನಲ್ಲಿ ಕುಳಿತವನ ಹೃದಯ ನಿಂತಿತು. ಹತ್ತಿರದ ಊರಿನ ರನ್‌ವೇ ಜೆಟ್ಟಿಗೆ ಸಾಲಲಿಲ್ಲ, ಅವನು ಉಳಿಯಲಿಲ್ಲ. ಆಮೇಲೆ ಕೆಲಸ ಬಿಟ್ಟು ಪುಟ್ಟ ಏರ್ ಆಂಬುಲೆನ್ಸಿಗೆ ಬರಲು ಹೊರಟಳು. ಇವತ್ತು ಪರೀಕ್ಷೆ. ಮೂರು ಲ್ಯಾಂಡಿಂಗ್, ಒಂದಾದರೂ ಸರಿಯಾಗಬೇಕು. ಎರಡು ಕೆಟ್ಟಿವೆ.

(ಮೊದಲ ಡ್ರಾಫ್ಟಿನಲ್ಲಿ ಅವಳಿಗೆ ಎತ್ತರದ ಭಯ ಕೊಟ್ಟಿದ್ದೆ. "ಹತ್ತು ಸಾವಿರ ಗಂಟೆ ಹಾರಿದೋಳಿಗೆ ಎತ್ರದ ಭಯವಾ? ನಾಚ್ಕೆ ಆಗಲ್ವೇನ್ರೀ ನಿಮ್ಗೆ?" ಎಂದಳು. ಹರಿದು ಹಾಕಿದೆ.)

ಕೆಡಿಸಿದ್ದು ಭಯವಲ್ಲ, ಅನುಭವ. ಜೆಟ್ಟಿನಲ್ಲಿ ನೆಲಕ್ಕಿನ್ನೂ ಮೂವತ್ತಡಿ ಇರುವಾಗಲೇ ವಿಮಾನದ ಮೂತಿ ಎತ್ತಬೇಕು. ಕೈಗೆ ಅದೇ ರೂಢಿ. ಪುಟ್ಟ ವಿಮಾನದಲ್ಲಿ ಹಾಗೆ ಮಾಡಿದರೆ ವೇಗ ಸತ್ತು, ತೆಂಗಿನಕಾಯಿಯಂತೆ ದೊಪ್ಪನೆ ಬೀಳುತ್ತದೆ. ಎರಡು ಸಲ ಬಿತ್ತು.

ಪರೀಕ್ಷಕ ಹೊನ್ನೇಶ್ ಸೇನೆಯ ಹೆಲಿಕಾಪ್ಟರ್ ಬಿಟ್ಟು ಬಂದವನು. "ಮೇಡಂ, ನೀವಿನ್ನೂ ಮಹಡಿಯಿಂದ ಇಳೀತಿದೀರ. ಇದು ಜಗಲಿ ಕಣ್ರೀ. ಬೇಜಾರಾಗ್ಬೇಡಿ, ನಾನು ಹೊಸದ್ರಲ್ಲಿ ವಿಮಾನಾನ ಗಾಳೀಲೇ ನಿಲ್ಸಕ್ಕೆ ನೋಡಿದ್ದೆ!" ಎಂದು ನಕ್ಕು ಇಳಿದುಬಿಟ್ಟ. "ಮೂರನೇದಕ್ಕೆ ಒಬ್ರೇ ಹೋಗಿ. ನಾನು ಪಕ್ಕದಲ್ಲಿದ್ರೆ ಎತ್ರ ಎಷ್ಟೂಂತ ಹೇಳ್ತೀನೇನೋಂತ ಕಾಯ್ತೀರ."

ನಿಜ. ಜೆಟ್ಟಿನಲ್ಲಿ ಎತ್ತರವನ್ನು ಯಂತ್ರವೇ ಕೂಗಿ ಹೇಳುತ್ತಿತ್ತು, ಪಕ್ಕದ ಪೈಲಟ್ ದನಿಗೂಡಿಸುತ್ತಿದ್ದ.

೩
ಬೇಲಿಯ ಬಳಿ ಅವಳ ಸೋದರತ್ತೆ ಅಲಮೇಲು. ಊರ ದೇವಸ್ಥಾನದಲ್ಲಿ ಭಾರತ ವಾಚನ ಮಾಡುವವರು. ಚಿಕ್ಕಂದಿನಲ್ಲಿ ಶರ್ವಾಣಿ ಪಕ್ಕದಲ್ಲಿ ಕುಳಿತು ಪದ್ಯಕ್ಕೊಂದು "ಹೂಂ" ಹಾಕುತ್ತಿದ್ದಳು.

ಈಗ ಬೇಲಿಯವರೆಗೆ ಬಂದು ಕೇಳಿದಳು: "ಅತ್ತೆ, ಹೂಂಗುಟ್ಟೋರೇ ಇಲ್ದಿದ್ರೆ ಓದೋದು ಹೆಂಗೆ?"

"ಬೆಳಿಗ್ಗೆ ನಾನೊಬ್ಳೇ ಓದಲ್ವೇನೇ? ಉಸಿರು ಎಲ್ಲಿ ಬಿಡ್ಬೇಕೂಂತ ಪದ್ಯವೇ ಹೇಳುತ್ತೆ ಕಣೇ. ಎಣಿಸ್ಬೇಡ, ಕೇಳಿಸ್ಕೊ. ಹೋಗು!"

೪
ಅಂತ್ಯ ಒಂದು: ದೊಪ್. ಅಂತ್ಯ ಎರಡು: ರೇಷ್ಮೆಯಂತೆ ಇಳಿಯಿತು, ಹೊನ್ನೇಶ್ ಶಿಳ್ಳೆ ಹೊಡೆದ. ಎರಡನ್ನೂ ಬರೆದು ಜೇಬಿನಲ್ಲಿಟ್ಟುಕೊಂಡು ಕಾಕ್‌ಪಿಟ್ಟಿಗೆ ನುಗ್ಗಿದೆ. ತರೀಕೆರೆಯ ಗುಡ್ಡಗಳ ಕಡೆಯಿಂದ ವಿಮಾನ ತಿರುಗಿತು. ತಡೆಯಲಾರದೆ ಅವಳ ಕಿವಿಯಲ್ಲಿ "ಐವತ್ತು…" ಎಂದೆ.

"ಇಳೀರಿ ಕೆಳಕ್ಕೆ! ಬರೆಯೋರಾದ್ರೇನು? ಇದು ಒಬ್ರ ಕೆಲ್ಸ."

ಇಳಿದೆ. ಈಗ ನಾನೂ ಬೇಲಿಯ ಬಳಿ, ನಿಮ್ಮ ಜೊತೆ.

ಮೂವತ್ತಡಿ. ಮೂತಿ ಎತ್ತಲಿಲ್ಲ! ಇಪ್ಪತ್ತು. ಇನ್ನೂ ಇಲ್ಲ, ಅಯ್ಯೋ, ಇನ್ನೂ ಇಲ್ಲ! ಹತ್ತು. ಈಗ, ಮೆಲ್ಲಗೆ, ಎತ್ತಿದಳು. ಚಕ್ರಕ್ಕೂ ನೆಲಕ್ಕೂ ನಡುವೆ ಒಂದು ಗೇಣು. ಆ ಗೇಣನ್ನು ದಾಟಿ ಬರೆಯುವ ಹಕ್ಕು ನನಗಿಲ್ಲ. ಜೇಬಿನ ಎರಡೂ ಕಾಗದ ಗಾಳಿಗೆ ಬಿಟ್ಟೆ.

ಅಲಮೇಲು ಕಣ್ಣು ಮುಚ್ಚಿ "ಹೂಂ" ಎಂದರು.